ನೆಲೆಸುವ ಮುನ್ನ ನೀರನ್ನು ಕೇಳಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆ ಹುಟ್ಟಿದ ಕಾಲದಲ್ಲಿ ಮನೆಗೆ ಜಾಗ ಹುಡುಕುವ ತೊಡಕು ಬಹುಶಃ ಇಷ್ಟಿರಲಿಲ್ಲ. ಹುಟ್ಟಿದ ಊರಿನಲ್ಲಿ, ಹಿರಿಯರು ಬಿಟ್ಟುಹೋದ ಹಿತ್ತಿಲಿನಲ್ಲಿ, ಅವರು ಹಾಕಿದ ಅಡಿಪಾಯದ ಮೇಲೆಯೇ ಗೋಡೆಯೆಬ್ಬಿಸುತ್ತಿದ್ದವರಿಗೆ ಆ ನೆಲದ ಗುಣದೋಷಗಳು ತಲೆಮಾರುಗಳಿಂದ ತಿಳಿದಿರುತ್ತಿದ್ದುವು. ಇಂದಿನ ಮಾತು ಬೇರೆ. ಮಾನ್ವಿಯ ವ್ಯಾಪಾರಿ ಮಕ್ಕಳ ವಿದ್ಯಾಭ್ಯಾಸಕ್ಕೆಂದು ರಾಯಚೂರಿಗೆ ಬರುತ್ತಾನೆ. ದೇವದುರ್ಗದ ಉಪಾಧ್ಯಾಯರು ವರ್ಗವಾಗಿ ಬರುತ್ತಾರೆ. ಊರ ನಡುವಣ ಬಾಡಿಗೆಯನ್ನು ತಾಳಲಾರದ ಗುಮಾಸ್ತರು ಊರ ಹೊರಗಣ ಹೊಸ ಬಡಾವಣೆಯಲ್ಲಿ ಮೂವತ್ತು ನಲವತ್ತರ ಒಂದು ನಿವೇಶನವನ್ನು ಅರಸುತ್ತಾರೆ. ಮಾಘಮಾಸದ ಒಂದು ಭಾನುವಾರ ಹೆಂಡತಿ ಮಕ್ಕಳೊಡನೆ ಹೋಗಿ ನೋಡುತ್ತಾರೆ. ನೆಲ ಒಣಗಿದೆ, ಆಕಾಶ ತಿಳಿಯಾಗಿದೆ, ಹಾಸುಗಲ್ಲು ನೆಟ್ಟ ಎಲ್ಲೆಗಳು ಸುಣ್ಣ ಬಳಿದುಕೊಂಡು ನಿಂತಿವೆ. ಎಲ್ಲವೂ ಸೊಗಸಾಗಿ ಕಾಣುತ್ತದೆ.

ಆಗ ಅವರು ಕೇಳುವ ಪ್ರಶ್ನೆಗಳು ಇವು: ಬೆಲೆ ಎಷ್ಟು? ಬಸ್ ನಿಲ್ದಾಣಕ್ಕೆ ಎಷ್ಟು ದೂರ? ನೆರೆಹೊರೆಯವರು ಎಂಥವರು? ಕಳ್ಳಕಾಕರ ಭಯವುಂಟೆ? ಇವೆಲ್ಲವೂ ಕೇಳತಕ್ಕ ಪ್ರಶ್ನೆಗಳೇ. ದೀಪವಿಲ್ಲದ ಬೀದಿ, ಜನಸಂಚಾರವಿಲ್ಲದ ಬಯಲು ಯಾರಿಗೂ ಕ್ಷೇಮವಲ್ಲ. ಆದರೆ ನಮ್ಮ ಈ ಸೀಮೆಯಲ್ಲಿ ಒಂದೇ ಸಲಕ್ಕೆ ಸಾವಿರಾರು ಮನೆಗಳನ್ನು ಬರಿದು ಮಾಡಿದ್ದು ಕಳ್ಳನಲ್ಲ, ನೀರು. ಮಕ್ಕಳ ಹಲ್ಲು ಕೆಡಿಸುವುದೂ, ಹೊಸ ಮನೆಯ ಗೋಡೆಯನ್ನು ಸೀಳುವುದೂ, ಆಸ್ಪತ್ರೆಯ ಮಂಚಗಳನ್ನು ತುಂಬಿಸುವುದೂ ಬಹುಮಟ್ಟಿಗೆ ಅದೇ. ಹೀಗಿದ್ದರೂ ನಿವೇಶನವನ್ನು ಕೊಳ್ಳುವವರಲ್ಲಿ ನೀರಿನ ವಿಷಯವಾಗಿ 'ನಳ ಬರುತ್ತದೆಯೆ?' ಎಂಬ ಒಂದು ಪ್ರಶ್ನೆಗಿಂತ ಹೆಚ್ಚು ಕೇಳುವವರು ವಿರಳ. ಮಳೆಗಾಲದಲ್ಲಿ ನೀರು ಎಲ್ಲಿಂದ ಬರುತ್ತದೆ, ಬಂದದ್ದು ಎಲ್ಲಿ ನಿಲ್ಲುತ್ತದೆ, ವರ್ಷವಿಡೀ ನಾವು ಕುಡಿಯುವುದು ಯಾವ ನೀರನ್ನು: ಈ ಮೂರನ್ನು ತಿಳಿದುಕೊಂಡರೆ ಒಂದು ನೆಲೆಯ ಕ್ಷೇಮಾಕ್ಷೇಮವನ್ನು ಮುಕ್ಕಾಲುಪಾಲು ತಿಳಿದುಕೊಂಡಂತೆಯೇ. ಅದು ಹೇಗೆಂಬುದನ್ನು ರಾಯಚೂರು, ದೇವದುರ್ಗ, ಮಾನ್ವಿಗಳ ಉದಾಹರಣೆಯಿಂದಲೇ ವಿಚಾರಮಾಡೋಣ.

ಎರಡು ನದಿಗಳ ನಡುವೆ

ರಾಯಚೂರಿನ ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಇವೆರಡರ ನಡುವಣ ಈ ನೆಲಕ್ಕಾಗಿ ರಾಜರುಗಳು ಶತಮಾನಗಳ ಕಾಲ ಕಾದಾಡಿದರು. ದೇವದುರ್ಗ ತಾಲ್ಲೂಕಿನ ಉತ್ತರದ ಅಂಚನ್ನು ಕೃಷ್ಣೆ ತೊಳೆಯುತ್ತಾಳೆ. ಮಾನ್ವಿ ತಾಲ್ಲೂಕಿನ ದಕ್ಷಿಣದ ಅಂಚನ್ನು ತುಂಗಭದ್ರೆ ತೊಳೆಯುತ್ತಾಳೆ. ಇಷ್ಟು ನೀರಿನ ನಡುವೆ ಇದ್ದೂ ಈ ಸೀಮೆಯ ಮಳೆ ಮಾತ್ರ ಕಡಮೆ. ಬೇಸಗೆಯಲ್ಲಿ ಉಷ್ಣತೆ ೪೦ ಡಿಗ್ರಿಯನ್ನು ದಾಟುವುದು ಸಾಮಾನ್ಯ. ಬರಗಾಲದ ನಾಡೆಂದೇ ಹೆಸರಾದ ಕಡೆಯಲ್ಲಿ ಪ್ರವಾಹದ ಮಾತು ವಿಚಿತ್ರವಾಗಿ ಕೇಳಿಸಬಹುದು. ಆದರೆ ಇಲ್ಲಿಯ ನದಿಗಳು ತರುವುದು ಇಲ್ಲಿಯ ಮಳೆಯನ್ನಲ್ಲ. ನೂರಾರು ಮೈಲಿಗಳಾಚೆ ಪಶ್ಚಿಮಘಟ್ಟದಲ್ಲಿ ಸುರಿದದ್ದನ್ನು. ರಾಯಚೂರಿನಲ್ಲಿ ಹನಿ ಬೀಳದಿದ್ದ ದಿನವೂ ಮಹಾಬಲೇಶ್ವರದ ಮಳೆ ಕೃಷ್ಣೆಯ ದಡದಲ್ಲಿರುವವನ ಮನೆಯ ಬಾಗಿಲನ್ನು ತಟ್ಟಬಹುದು.

ಹಿಂದಿನವರು ಇದನ್ನು ಅರಿತಿದ್ದರೆಂಬುದಕ್ಕೆ ಊರುಗಳ ಇರವೇ ಸಾಕ್ಷಿ. ರಾಯಚೂರು, ದೇವದುರ್ಗ, ಮಾನ್ವಿ ಇವು ಮೂರೂ ಹಳೆಯ ಕೋಟೆಯ ಊರುಗಳು. ಮೂರೂ ನದಿಯ ದಡದಲ್ಲಿಲ್ಲ. ಕಾಕತೀಯರ ಕಾಲದಲ್ಲಿ, ೧೨೯೪ರಲ್ಲಿ, ಕಟ್ಟಿದ ರಾಯಚೂರಿನ ಕೋಟೆ ಎರಡು ನದಿಗಳಿಂದಲೂ ಹಲವು ಮೈಲಿ ದೂರದಲ್ಲಿ, ಕಲ್ಲುಗುಡ್ಡದ ಆಸರೆಯಲ್ಲಿ ನಿಂತಿದೆ. ಅದನ್ನು ಅಲ್ಲಿ ಕಟ್ಟಿದ್ದು ಮುಖ್ಯವಾಗಿ ಶತ್ರುವಿನ ಭಯದಿಂದ, ನಿಜ. ಆದರೆ ಗುಡ್ಡದ ತಪ್ಪಲು ನೆರೆಯಿಂದಲೂ ಪಾರುಮಾಡಿತು. ಕುಡಿಯುವ ನೀರಿಗೆ ಕೆರೆ ಬಾವಿಗಳನ್ನು ತೋಡಿಕೊಂಡುದಾಯಿತು. ಮಾವಿನಕೆರೆ, ಖಾಸ್‌ಬಾವಿ ಎಂಬ ಹೆಸರುಗಳು ರಾಯಚೂರಿನವರಿಗೆ ಇಂದಿಗೂ ಪರಿಚಿತ.

ನದಿಯ ಅಂಚಿನಲ್ಲಿ ನೆಲೆಸಿದವರು ಬೇರೆ ಜನ: ಹೊಲ ಉಳುವವರು, ಮೀನು ಹಿಡಿಯುವವರು, ಹರಗೋಲು ನಡೆಸುವವರು. ಅವರ ಅನ್ನ ಅಲ್ಲಿತ್ತು. ಕೃಷ್ಣೆಯ ನಡುಗಡ್ಡೆಗಳಾದ ಕುರ್ವಕುಲ, ಕುರ್ವಕುರ್ದಗಳ ಜನ ಹರಗೋಲನ್ನೇ ನೆಚ್ಚಿ ಬಾಳಿದವರು. ನದಿ ಏರಿದಾಗ ಹೊರಗಿನ ಲೋಕದೊಡನೆ ಅವರ ಸಂಪರ್ಕವೇ ಕಡಿದುಹೋಗುತ್ತದೆ.

ಹೊಳೆ ಬಂದಾಗ

೨೦೦೯ರ ಸೆಪ್ಟೆಂಬರಿನ ಕೊನೆ ಮತ್ತು ಅಕ್ಟೋಬರಿನ ಆರಂಭದ ದಿನಗಳನ್ನು ಈ ಸೀಮೆಯವರು ಮರೆತಿಲ್ಲ. ಮುಂಗಾರು ಮುಗಿಯಿತೆಂದು ಜನ ನೆಮ್ಮದಿಯಾಗಿದ್ದ ಹೊತ್ತಿನಲ್ಲಿ ಉತ್ತರ ಕರ್ನಾಟಕದ ಮೇಲೆ ಬಿಡುವಿಲ್ಲದ ಮಳೆ ಸುರಿಯಿತು. ಈ ಸಲ ನೀರು ಘಟ್ಟದಿಂದ ಬರಲಿಲ್ಲ. ಬಯಲುಸೀಮೆಯ ಮೇಲೆಯೇ ಬಿದ್ದಿತು. ಕೃಷ್ಣೆ, ತುಂಗಭದ್ರೆ, ಅವುಗಳನ್ನು ಕೂಡುವ ಹಳ್ಳಗಳು ಒಟ್ಟಿಗೇ ಉಕ್ಕಿದುವು. ಮಾನ್ವಿ, ರಾಯಚೂರು ತಾಲ್ಲೂಕುಗಳ ನದಿದಂಡೆಯ ಹಳ್ಳಿಗಳು ಜಲಾವೃತವಾದುವು. ನದಿಯಾಚೆ ಆಂಧ್ರಪ್ರದೇಶದ ಮಂತ್ರಾಲಯ ಮುಳುಗಿತು. ಇನ್ನೂ ಕೆಳಗೆ, ಅಕ್ಟೋಬರ್ ೨ರಂದು, ಕರ್ನೂಲು ನಗರವೇ ನೀರಿನಲ್ಲಿ ನಿಂತಿತು. ಕರ್ನಾಟಕದಲ್ಲಿ ೨೦೦ಕ್ಕೂ ಹೆಚ್ಚು ಜನ ಸತ್ತರು. ಇವರಲ್ಲಿ ಬಹುಮಂದಿ ಹೊಳೆಯಲ್ಲಿ ಕೊಚ್ಚಿಹೋದವರಲ್ಲ. ದಿನಗಟ್ಟಲೆ ನೆನೆದ ಮಣ್ಣಿನ ಗೋಡೆ, ಮಾಳಿಗೆಗಳು ಕುಸಿದು ಅವುಗಳಡಿ ಸಿಕ್ಕವರು. ಮಾಳಿಗೆಯ ಮೇಲೆ ಬೇಸಗೆಯ ಬಿಸಿಲನ್ನು ತಡೆಯಲೆಂದು ಹರಡಿದ ಮಣ್ಣು ನೀರು ಕುಡಿದು ಬಹಳ ಭಾರವಾಗುತ್ತದೆ. ಅದೇ ಹೊತ್ತಿಗೆ ಅದನ್ನು ಹೊರಬೇಕಾದ ಗೋಡೆಯ ಬುಡ ಕರಗುತ್ತಿರುತ್ತದೆ. ಮನೆ ಬೀಳುವುದಕ್ಕೆ ಹೊಳೆ ಬಾಗಿಲಿಗೆ ಬರಬೇಕೆಂದೇನೂ ಇಲ್ಲ.

೨೦೧೯ರ ಆಗಸ್ಟಿನಲ್ಲಿ ನಡೆದದ್ದು ಇನ್ನೊಂದು ಬಗೆ. ಆಗ ಮಹಾರಾಷ್ಟ್ರದ ಘಟ್ಟಪ್ರದೇಶದಲ್ಲಿ ಮಳೆ ಸುರಿಯಿತು. ಆಲಮಟ್ಟಿ, ನಾರಾಯಣಪುರಗಳ ಜಲಾಶಯಗಳು ಬಂದ ನೀರನ್ನೆಲ್ಲ ಕೆಳಕ್ಕೆ ಬಿಡಲೇಬೇಕಾಯಿತು. ನಾರಾಯಣಪುರದಿಂದ ಹೊರಟ ನೀರು ಸುಮಾರು ೬ ಲಕ್ಷ ಕ್ಯೂಸೆಕ್ಕಿನವರೆಗೆ ಏರಿತು. ಕ್ಯೂಸೆಕ್ಕೆಂದರೆ ಒಂದು ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ೨೮ ಲೀಟರಿಗಿಂತ ತುಸು ಹೆಚ್ಚು. ೬ ಲಕ್ಷ ಕ್ಯೂಸೆಕ್ಕೆಂದರೆ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಒಂದೂ ಮುಕ್ಕಾಲು ಕೋಟಿ ಲೀಟರಿನ ಹತ್ತಿರ ನೀರು ಸಾಗಿಹೋಗುತ್ತದೆ. ದೇವದುರ್ಗ ತಾಲ್ಲೂಕಿನ ಹೂವಿನಹೆಡಗಿಯ ಸೇತುವೆ ಮುಳುಗಿತು. ಶಹಾಪುರದ ಕಡೆಗೆ ಹೋಗುವ ನೇರ ದಾರಿ ಇಲ್ಲವಾಯಿತು. ದೇವದುರ್ಗ ಪಟ್ಟಣಕ್ಕೆ ನೀರು ನುಗ್ಗಲಿಲ್ಲ. ಆದರೆ ಸೇತುವೆಯಾಚೆಯ ಆಸ್ಪತ್ರೆಯನ್ನೋ ಸಂತೆಯನ್ನೋ ನಂಬಿದವನಿಗೆ, ಮನೆ ಒಣಗಿದ್ದರೂ, ಅದು ನೆರೆಯೇ. ಆದುದರಿಂದ ಜಾಗವನ್ನು ಆರಿಸುವಾಗ ಮನೆಯ ಮಟ್ಟವನ್ನು ನೋಡಿದರೆ ಸಾಲದು. ಅಲ್ಲಿಂದ ಹೊರಡುವ ದಾರಿಯ ಅತಿ ತಗ್ಗಿನ ಜಾಗ ಎಲ್ಲಿದೆಯೆಂಬುದನ್ನೂ ನೋಡಬೇಕು.

'ಮೇಲೆ ಅಣೆಕಟ್ಟಿದೆಯಲ್ಲ' ಎಂಬ ಸಮಾಧಾನವೊಂದುಂಟು. ೧೯೫೩ರಲ್ಲಿ ತುಂಗಭದ್ರಾ ಜಲಾಶಯದಲ್ಲಿ ನೀರು ನಿಂತಾಗ ಅದರ ಸಾಮರ್ಥ್ಯ ಸುಮಾರು ೧೩೩ ಟಿ.ಎಂ.ಸಿ. ಅಡಿ. ಹೂಳು ತುಂಬುತ್ತ ಬಂದು ಅದು ಸುಮಾರು ೧೦೫ಕ್ಕೆ ಇಳಿದಿದೆ. ಅಣೆಕಟ್ಟು ಕಟ್ಟಿದ್ದು ನೀರಾವರಿಗೆ, ವಿದ್ಯುತ್ತಿಗೆ. ರೈತನಿಗಾಗಿ ಅದನ್ನು ತುಂಬಿಸಿಡಬೇಕು. ನೆರೆಯನ್ನು ತಡೆಯಬೇಕಾದರೆ ಬರಿದಾಗಿಡಬೇಕು. ಎರಡೂ ಒಟ್ಟಿಗೆ ಸಾಧ್ಯವಲ್ಲ. ಸಣ್ಣ ನೆರೆಗಳನ್ನು ಅದು ನುಂಗಿಕೊಳ್ಳುತ್ತದೆ. ತುಂಬಿದ ಮೇಲೆ ಬಂದ ದೊಡ್ಡ ನೆರೆಯನ್ನು ಹಾಗೆಯೇ ಕೆಳಕ್ಕೆ ದಾಟಿಸುತ್ತದೆ. ಯಂತ್ರಕ್ಕೆ ವಯಸ್ಸೂ ಆಗುತ್ತದೆ. ೨೦೨೪ರ ಆಗಸ್ಟ್ ೧೦ರ ರಾತ್ರಿ ಆ ಅಣೆಕಟ್ಟಿನ ೩೩ ಬಾಗಿಲುಗಳಲ್ಲಿ ೧೯ನೆಯದರ ಸರಪಳಿ ಕಡಿದು ಬಾಗಿಲೇ ಕೊಚ್ಚಿಹೋಯಿತು. ಉಳಿದ ಬಾಗಿಲುಗಳ ಭಾರವನ್ನು ಇಳಿಸಲು ಅವನ್ನೂ ತೆರೆದು ನೀರು ಬಿಡಬೇಕಾಯಿತು. ರಾಯಚೂರು ಜಿಲ್ಲೆಯ ನದಿದಂಡೆಯ ಊರುಗಳಿಗೂ ಎಚ್ಚರಿಕೆ ಹೋಯಿತು. ಒಂದು ವಾರದೊಳಗೆ ಹರಿಯುವ ನೀರಿನಲ್ಲಿಯೇ ತಡೆಹಲಗೆಗಳನ್ನು ಇಳಿಸಿ ಆ ಕಂಡಿಯನ್ನು ಮುಚ್ಚಿದರು. ಅದೊಂದು ಸಾಹಸವೇ ಸರಿ. ಆದರೆ ಅಣೆಕಟ್ಟು ನೆರೆಯ ಸಂಭವವನ್ನು ಕಡಮೆ ಮಾಡುತ್ತದೆಯೇ ಹೊರತು ಅಳಿಸುವುದಿಲ್ಲ ಎಂಬ ಪಾಠವನ್ನು ಅದರಿಂದ ಕಲಿಯಬೇಕು.

ನೂರು ವರ್ಷಕ್ಕೊಮ್ಮೆ ಎಂದರೇನು?

'೨೦೦೯ರಂಥ ಮಳೆ ನೂರು ವರ್ಷಕ್ಕೊಮ್ಮೆ; ಇನ್ನು ನಮ್ಮ ಕಾಲದಲ್ಲಿ ಇಲ್ಲ' ಎಂದು ಕೆಲವರು ಹೇಳುವುದುಂಟು. ಈ ಮಾತಿನಲ್ಲಿ ಲೆಕ್ಕದ ತಪ್ಪಿದೆ. ಎಂಜಿನಿಯರರು ನೂರು ವರ್ಷದ ನೆರೆ ಎಂದು ಹೇಳುವಾಗ, ಯಾವುದೊಂದು ವರ್ಷದಲ್ಲಾದರೂ ಅದು ಬರುವ ಸಂಭವ ನೂರರಲ್ಲಿ ಒಂದು ಎಂದಷ್ಟೇ ಅರ್ಥ. ನದಿ ಪಂಚಾಂಗ ನೋಡಿಕೊಂಡು ಹರಿಯುವುದಿಲ್ಲ. ಚೀಲದಲ್ಲಿ ತೊಂಬತ್ತೊಂಬತ್ತು ಬಿಳಿಯ ಗೋಲಿ, ಒಂದು ಕರಿಯ ಗೋಲಿ ಇವೆಯೆಂದು ಭಾವಿಸಿ. ಪ್ರತಿವರ್ಷ ಕಣ್ಣುಮುಚ್ಚಿ ಒಂದನ್ನು ತೆಗೆದು, ಮತ್ತೆ ಚೀಲಕ್ಕೇ ಹಾಕುತ್ತೇವೆ. ಹೋದ ವರ್ಷ ಕರಿಯದು ಬಂದಿತೆಂದು ಈ ವರ್ಷ ಬರಬಾರದೆಂಬ ನಿಯಮವಿಲ್ಲ.

ಮನೆಗೆ ಸಾಲ ಮಾಡಿದವನು ಅದರಲ್ಲಿ ಕಡೆಯ ಪಕ್ಷ ಮೂವತ್ತು ವರ್ಷ ಬಾಳಬೇಕೆಂದಿರುತ್ತಾನೆ. ಮೂವತ್ತು ವರ್ಷಗಳಲ್ಲಿ ಒಮ್ಮೆಯಾದರೂ ಕರಿಯ ಗೋಲಿ ಬರುವ ಸಂಭವ ನೂರಕ್ಕೆ ೨೬. ಅಂದರೆ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು. ನಾಲ್ಕು ಜನರಲ್ಲಿ ಒಬ್ಬರು ಇಳಿಯದೆ ಹೋಗುವ ಬಸ್ಸನ್ನು ಯಾರೂ ಹತ್ತುವುದಿಲ್ಲ. ಆದರೆ ಅಂತಹ ನಿವೇಶನವನ್ನು ನಗುನಗುತ್ತ ಕೊಳ್ಳುತ್ತೇವೆ.

ಮರೆತುಹೋದ ಹಳ್ಳಗಳು

ನದಿಯಿಂದ ದೂರವಿರುವ ರಾಯಚೂರಿನವರು ಇಷ್ಟನ್ನು ಓದಿ ನಿಟ್ಟುಸಿರು ಬಿಡಬಹುದು. ಆದರೆ ನಗರದ ನೆರೆ ನದಿಯಿಂದ ಬರುವುದಿಲ್ಲ. ಆಕಾಶದಿಂದ ನೇರವಾಗಿ ಬರುತ್ತದೆ. ನದಿಯ ಏರಿಕೆ ಗಂಟೆಗಳ ಮೊದಲೇ ಸುದ್ದಿ ಕಳುಹಿಸುತ್ತದೆ. ಹಳ್ಳದ ಏರಿಕೆ ಕಳುಹಿಸುವುದಿಲ್ಲ.

ಒಂದು ಎಕರೆ ನೆಲದ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಒಂದು ಲಕ್ಷ ಲೀಟರಿಗೂ ಮಿಕ್ಕ ನೀರಾಗುತ್ತದೆ. ನೆಲ ಹೊಲವಾಗಿದ್ದಾಗ ಅದರಲ್ಲಿ ಹೆಚ್ಚುಪಾಲನ್ನು ಮಣ್ಣು ಹೀರುತ್ತಿತ್ತು, ಬದುಗಳು ತಡೆಯುತ್ತಿದ್ದುವು. ಅದೇ ನೆಲ ಬಡಾವಣೆಯಾಗಿ, ಕಾಂಕ್ರೀಟಿನ ರಸ್ತೆ, ತಾರಸಿ, ಫರಸಿ ಹಾಸಿದ ಅಂಗಳಗಳಿಂದ ಮುಚ್ಚಿಹೋದಾಗ ಮಳೆಯ ಬಹುಪಾಲು ಕೆಲವೇ ನಿಮಿಷಗಳಲ್ಲಿ ತಗ್ಗನ್ನು ಹುಡುಕಿಕೊಂಡು ಹೊರಡುತ್ತದೆ. ಹತ್ತು ಎಕರೆಯ ಬಡಾವಣೆಯಿಂದ ಹತ್ತು ಲಕ್ಷ ಲೀಟರು. ಅದರ ತುದಿಯಲ್ಲಿರುವುದೋ ಒಂದೂವರೆ ಅಡಿಯ ಚರಂಡಿ! ಆ ತುದಿಯ ನಿವೇಶನವನ್ನು ಕೊಂಡವನು ಮೇಲಿನ ಎಲ್ಲರ ತಾರಸಿಯ ನೀರಿಗೂ ಯಜಮಾನನಾಗುತ್ತಾನೆ.

ನೀರಿಗೆ ನೆನಪು ಬಲವಾದದ್ದು. ಹಿಂದೆ ಹರಿಯುತ್ತಿದ್ದ ಹಳ್ಳವನ್ನು ಮುಚ್ಚಿ ಬೀದಿ ಮಾಡಿದರೂ ದೊಡ್ಡ ಮಳೆಗೆ ಅದು ಹಳೆಯ ದಾರಿಯನ್ನೇ ಹಿಡಿಯುತ್ತದೆ; ಏಕೆಂದರೆ ಸುತ್ತಲಿನ ಇಳಿಜಾರು ಬದಲಾಗಿರುವುದಿಲ್ಲ. ಆದುದರಿಂದ ಬಡಾವಣೆಯ ಬಣ್ಣದ ನಕ್ಷೆಗಿಂತ ಹಳೆಯ ಗ್ರಾಮನಕ್ಷೆ ಹೆಚ್ಚು ನಂಬತಕ್ಕದ್ದು. ಸರ್ವೆ ನಂಬರುಗಳ ನಡುವೆ ಹರಿದಿರುವ ಹಳ್ಳ, ಕೆರೆಯ ಅಂಗಳ, ಖರಾಬು ಎಲ್ಲವನ್ನೂ ಅದು ತೋರಿಸುತ್ತದೆ. ಪಹಣಿಯಲ್ಲಿ ಖರಾಬೆಂದು ಬರೆದಿದ್ದರೆ ಏಕೆ ಖರಾಬು ಎಂದು ಕೇಳಬೇಕು. ಹಿಂದಿನ ಶಾನುಭೋಗರು ಒಳ್ಳೆಯ ಭೂಮಿಯನ್ನು ಸುಮ್ಮನೆ ಖರಾಬೆಂದು ಬರೆದಿಟ್ಟವರಲ್ಲ.

ಕಾಗದಕ್ಕಿಂತಲೂ ಚೆನ್ನಾಗಿ ಹೇಳಬಲ್ಲವರು ಪಕ್ಕದ ಹೊಲದ ಮುದುಕರು. 'ಅಜ್ಜಾರ, ಒಂಬತ್ತರ ಮಳಿಗೆ ಇಲ್ಲಿ ನೀರು ಎಲ್ಲಿತನಕ ಬಂದಿತ್ತು?' ಎಂದು ಕೇಳಿದರೆ, ಅವರು ತಮ್ಮ ಮೊಣಕಾಲನ್ನೋ ಸೊಂಟವನ್ನೋ ಮುಟ್ಟಿ ತೋರಿಸುತ್ತಾರೆ. ನಿವೇಶನ ಮಾರುವವನ ಒಂದು ಗಂಟೆಯ ಮಾತಿಗಿಂತ ಆ ಒಂದು ಕೈಸನ್ನೆಯಲ್ಲಿ ಹೆಚ್ಚು ಜ್ಞಾನವುಂಟು.

ನಿಂತ ನೀರಿನ ಇನ್ನೊಂದು ಕೇಡನ್ನೂ ಇಲ್ಲಿಯೇ ಹೇಳಬೇಕು. ೨೦೦೬ರಲ್ಲಿ ಚಿಕುನ್‌ಗುನ್ಯ ಜ್ವರ ಈ ಭಾಗದಲ್ಲೆಲ್ಲ ಹಬ್ಬಿ, ದುಡಿಯುವ ಜನರ ಕೀಲುಗಳನ್ನು ಹಿಡಿದು ಮಲಗಿಸಿತು. ಅದನ್ನೂ ಡೆಂಗೆಯನ್ನೂ ಹರಡುವ ಈಡಿಸ್ ಸೊಳ್ಳೆ ಗಟಾರಕ್ಕಿಂತ ಹೆಚ್ಚಾಗಿ ತೊಟ್ಟಿ, ಹಂಡೆ, ಹಳೆಯ ಟಯರುಗಳ ತಿಳಿನೀರಿನಲ್ಲಿ ಮೊಟ್ಟೆಯಿಡುತ್ತದೆ. ನಳ ವಾರಕ್ಕೊಮ್ಮೆ ಬರುವ ಕಡೆ ಮನೆಮನೆಯಲ್ಲಿಯೂ ನೀರು ತುಂಬಿಡಲೇಬೇಕು. ಸೊಳ್ಳೆಗೆ ಅದೇ ತೊಟ್ಟಿಲು. ವಾರಕ್ಕೊಮ್ಮೆ ತೊಟ್ಟಿಯನ್ನು ಬರಿದುಮಾಡಿ ತಿಕ್ಕಿ ಒಣಗಿಸುವುದೂ ಮುಚ್ಚಳ ಹಾಕುವುದೂ ಇದಕ್ಕೆ ಮದ್ದು.

ಎರೆ ನೆಲದ ಉಸಿರಾಟ

ನೀರು ನೆಲದ ಮೇಲೆ ನಿಲ್ಲದಿದ್ದರೂ ನೆಲದೊಳಗೆ ಹೋಗುತ್ತದೆಯಷ್ಟೆ. ಅಲ್ಲಿ ಅದು ಏನು ಮಾಡುತ್ತದೆಂಬುದು ಮಣ್ಣನ್ನು ಅವಲಂಬಿಸಿದೆ. ನಮ್ಮ ಸೀಮೆಯಲ್ಲಿ ಕೆಂಪು ಮಸಾರಿಯೂ ಉಂಟು, ಕರಿಯ ಎರೆಯೂ ಉಂಟು. ಹತ್ತಿಗೂ ಜೋಳಕ್ಕೂ ಎರೆಯಂಥ ಭೂಮಿ ಇನ್ನೊಂದಿಲ್ಲ. ಮನೆಗೆ ಅದರಂಥ ತುಂಟ ನೆಲ ಇನ್ನೊಂದಿಲ್ಲ.

ಎರೆ ಮಣ್ಣಿನಲ್ಲಿರುವ ಜೇಡಿಯ ಕಣಗಳು ಪುಸ್ತಕದ ಹಾಳೆಗಳಂತೆ ಪದರಪದರವಾಗಿ ಕೂಡಿಕೊಂಡಿವೆ. ಮಳೆ ಬಂದಾಗ ಈ ಹಾಳೆಗಳ ಸಂದಿನಲ್ಲಿ ನೀರು ಸೇರಿಕೊಂಡು ಅವನ್ನು ಅಗಲಿಸುತ್ತದೆ, ಮಣ್ಣು ಉಬ್ಬುತ್ತದೆ. ಬೇಸಗೆಯಲ್ಲಿ ನೀರು ಆರಿಹೋಗಿ ಹಾಳೆಗಳು ಮತ್ತೆ ಒತ್ತಿಕೊಳ್ಳುತ್ತವೆ. ಮಣ್ಣು ಕುಗ್ಗಿ, ಕೈ ತೂರುವಷ್ಟು ಅಗಲದ ಬಿರುಕು ಬಿಡುತ್ತದೆ. ಹೀಗೆ ನೆಲ ವರ್ಷಕ್ಕೊಮ್ಮೆ ಉಸಿರೆಳೆದು ಬಿಡುತ್ತದೆ. ಅದರ ಮೇಲಿನ ಮನೆ ಒಂದೇ ಸಮನಾಗಿ ಏರಿ ಇಳಿದರೆ ತೊಂದರೆಯಿಲ್ಲ. ಆದರೆ ಬಚ್ಚಲಿನ ಕಡೆ ನೆಲ ಯಾವಾಗಲೂ ಹಸಿ, ಪಡಸಾಲೆಯ ಕಡೆ ಒಣ. ಒಂದು ಮೂಲೆ ಏಳುತ್ತದೆ, ಇನ್ನೊಂದು ಕೂಡುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಡುವ ಬಿರುಕು ಇದರ ಗುರುತು.

ನಿಮ್ಮ ನಿವೇಶನದ ಮಣ್ಣು ಎಂಥದೆಂದು ಮನೆಯಲ್ಲಿಯೇ ಅಂದಾಜು ಮಾಡಬಹುದು. ಮೂರು ನಾಲ್ಕು ಅಡಿ ಆಳದ ಮಣ್ಣನ್ನು ತೆಗೆದು ಚೆನ್ನಾಗಿ ಒಣಗಿಸಿ, ಪುಡಿಮಾಡಿ, ಸಣ್ಣ ಜರಡಿಯಲ್ಲಿ ಸೋಸಿಕೊಳ್ಳಿ. ಅಳತೆಯ ಗೆರೆಗಳುಳ್ಳ ಎರಡು ಗಾಜಿನ ಪಾತ್ರೆಗಳಲ್ಲಿ ಸಮನಾಗಿ ಆ ಪುಡಿಯನ್ನು ಹಾಕಿ, ಒಂದಕ್ಕೆ ನೀರನ್ನೂ ಇನ್ನೊಂದಕ್ಕೆ ಸೀಮೆಎಣ್ಣೆಯನ್ನೂ ತುಂಬಿ, ಕಲಕಿ, ಒಂದು ದಿನ ಬಿಡಿ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ, ನೀರಿನಲ್ಲಿ ಉಬ್ಬುತ್ತದೆ. ಸೀಮೆಎಣ್ಣೆಯಲ್ಲಿ ಹತ್ತು ಗೆರೆಯಷ್ಟಿದ್ದ ಮಣ್ಣು ನೀರಿನಲ್ಲಿ ಹದಿನೈದನ್ನು ದಾಟಿದರೆ ಎಚ್ಚರಿಕೆ ಬೇಕು. ಇಪ್ಪತ್ತನ್ನು ದಾಟಿದರೆ ಅದು ಬಹಳ ಉಬ್ಬುವ ಮಣ್ಣು. ಎಂಜಿನಿಯರರ ಪ್ರಯೋಗಾಲಯದಲ್ಲಿ ಮಾಡುವ ಪರೀಕ್ಷೆಯೂ ಬಹುಮಟ್ಟಿಗೆ ಇದೇ.

ಎರೆ ನೆಲವನ್ನು ಬಿಟ್ಟೇ ಬಿಡಬೇಕೆಂದು ಇದರ ಅರ್ಥವಲ್ಲ. ಎರೆಯ ಪದರ ತೆಳುವಾಗಿದ್ದರೆ ಅದನ್ನು ತೆಗೆದು ಕೆಳಗಿನ ಗಟ್ಟಿಯಾದ ಮರಂ ಮೇಲೆ ಅಡಿಪಾಯವನ್ನು ಇಡಬಹುದು. ಆಳವಾಗಿದ್ದರೆ, ಬುಡದಲ್ಲಿ ಗೆಡ್ಡೆಯಂತೆ ಉಬ್ಬಿರುವ ಕಾಂಕ್ರೀಟಿನ ಕಂಬಗಳನ್ನು, ಮಣ್ಣು ಅಲುಗಾಡದ ಆಳಕ್ಕೆ, ಸುಮಾರು ಮೂರೂವರೆ ಮೀಟರು ಇಳಿಸಿ ಅವುಗಳ ಮೇಲೆ ಮನೆಯನ್ನು ಕಟ್ಟಬಹುದು. ಆದರೆ ಇದಕ್ಕೆ ಖರ್ಚುಂಟು. ಅಗ್ಗದ ಎರೆ ನಿವೇಶನದ ಬೆಲೆಗೆ ಈ ಅಡಿಪಾಯದ ಬೆಲೆಯನ್ನೂ ಕೂಡಿಸಿ ನೋಡಿದರೆ ತುಟ್ಟಿಯೆನಿಸಿದ್ದ ಮಸಾರಿಯ ನಿವೇಶನವೇ ಅಗ್ಗವಾಗಬಹುದು. ಕಾಲುವೆಯ ನೀರಿನಿಂದ ಬತ್ತ ಬೆಳೆಯುವ ಗದ್ದೆಗಳ ಮಗ್ಗುಲಿನಲ್ಲಿ ನೆಲದಡಿಯ ನೀರು ಮೇಲೆ ಬಂದು, ಗೋಡೆಯ ಬುಡದಲ್ಲಿ ಬಿಳಿಯ ಉಪ್ಪು ಹೂವಿನಂತೆ ಅರಳುವುದನ್ನೂ ಗಮನಿಸಬೇಕು.

ಕೊಡದೊಳಗಿನ ನೀರು

ಇದುವರೆಗೆ ಹೇಳಿದ ಅಪಾಯಗಳು ಕಣ್ಣಿಗೆ ಕಾಣತಕ್ಕವು. ಇನ್ನು ಹೇಳುವುದು ಕಾಣದ ಅಪಾಯ.

ರಾಯಚೂರು ಜಿಲ್ಲೆಯ ನೆಲದಡಿ ಇರುವುದು ಬಹುಮಟ್ಟಿಗೆ ಕಣಶಿಲೆ ಮತ್ತು ಅದರ ಜಾತಿಯ ಹಳೆಯ ಬಂಡೆಗಳು. ಇವುಗಳಲ್ಲಿ ಫ್ಲೋರಿನ್ ಉಳ್ಳ ಖನಿಜಗಳಿವೆ. ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಅವನ್ನು ಮೆಲ್ಲನೆ ಕರಗಿಸಿಕೊಳ್ಳುತ್ತದೆ. ಮಳೆ ಕಡಮೆಯಾಗಿ, ಬಿಸಿಲು ಹೆಚ್ಚಾಗಿ, ಕೊಳವೆಬಾವಿಗಳು ಆಳಕ್ಕಿಳಿದಷ್ಟೂ ಮೇಲೆ ಬರುವುದು ಬಂಡೆಯ ಸಹವಾಸದಲ್ಲಿ ಹೆಚ್ಚುಕಾಲ ಇದ್ದ ನೀರು. ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಫ್ಲೋರೈಡು ೧ ಮಿಲಿಗ್ರಾಮಿನೊಳಗಿದ್ದರೆ ಒಳ್ಳೆಯದು. ಬೇರೆ ಗತಿಯಿಲ್ಲದಿದ್ದರೆ ೧.೫ ಮಿಲಿಗ್ರಾಮಿನವರೆಗೆ ಇರಬಹುದೆಂದು ಭಾರತೀಯ ಮಾನಕ ಹೇಳುತ್ತದೆ. ಇದನ್ನು ಮೀರಿದ ನೀರನ್ನು ಎಳೆಯ ಮಕ್ಕಳು ಕುಡಿದರೆ ಒಸಡಿನೊಳಗೆ ರೂಪುಗೊಳ್ಳುತ್ತಿರುವ ಹಲ್ಲುಗಳಲ್ಲಿ ಕಂದು ಕಲೆಗಳು ನಿಲ್ಲುತ್ತವೆ. ಪ್ರಮಾಣ ಬಹಳ ಹೆಚ್ಚಾಗಿ, ವರ್ಷಗಟ್ಟಲೆ ಕುಡಿದರೆ ಮೂಳೆಗಳು ಬಿರುಸಾಗಿ ಬೆನ್ನು ಬಾಗುತ್ತದೆ. ಬಂದ ಕಲೆಯನ್ನೂ ಬಾಗಿದ ಬೆನ್ನನ್ನೂ ಹಿಂದಿನಂತೆ ಮಾಡುವ ಔಷಧವಿಲ್ಲ.

ಪಕ್ಕದ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿಯಿರುವುದನ್ನು ಓದುಗರು ಬಲ್ಲರು. ಚಿನ್ನವಿರುವ ಬಂಡೆಯಲ್ಲಿ ಆರ್ಸೆನಿಕ್ ಉಳ್ಳ ಖನಿಜವೂ ಅನೇಕವೇಳೆ ಜೊತೆಗಿರುತ್ತದೆ. ಕೃಷ್ಣೆಯಾಚೆ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡದಲ್ಲಿ ಕೊಳವೆಬಾವಿಯ ನೀರಿನ ಆರ್ಸೆನಿಕ್ಕಿನಿಂದ ಜನರ ಚರ್ಮದ ಮೇಲೆ ಕಲೆ, ಗಂಟುಗಳು ಎದ್ದು, ಕೆಲವರಿಗೆ ಅರ್ಬುದವೂ ಆದುದು ಈ ಶತಮಾನದ ಮೊದಲ ದಶಕದಲ್ಲಿ ಬೆಳಕಿಗೆ ಬಂದಿತು. ಆರ್ಸೆನಿಕ್ಕಿಗೆ ರುಚಿಯಿಲ್ಲ, ಬಣ್ಣವಿಲ್ಲ, ವಾಸನೆಯಿಲ್ಲ. 'ನಮ್ಮ ಬೋರಿನ ನೀರು ಎಳನೀರಿನಂತಿದೆ' ಎಂಬ ಹೊಗಳಿಕೆ ಆದುದರಿಂದ ಏನನ್ನೂ ಸಾಧಿಸುವುದಿಲ್ಲ. ಕಾಯಿಸಿದರೆ ಸರಿಹೋದೀತೆಂಬ ನಂಬಿಕೆಯೂ ತಪ್ಪು. ಕಾಯಿಸಿದಾಗ ರೋಗಾಣುಗಳು ಸಾಯುತ್ತವೆ. ಫ್ಲೋರೈಡು, ಆರ್ಸೆನಿಕ್ಕುಗಳು ಹಾಗೆಯೇ ಉಳಿದು, ನೀರು ಆವಿಯಾದಷ್ಟೂ ಗಾಢವಾಗುತ್ತವೆ. ಒಂದು ಬಾವಿಯಲ್ಲಿಲ್ಲದ ದೋಷ ನೂರು ಗಜ ದೂರದ ಇನ್ನೊಂದರಲ್ಲಿ ಇರಬಹುದು. ಜಿಲ್ಲೆಯ ಕುಡಿಯುವ ನೀರಿನ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸುವುದೊಂದೇ ದಾರಿ.

ಹಾಗಾದರೆ ನದಿಯ ನೀರು ಸಿಕ್ಕುವ ನಗರದಲ್ಲಿ ಚಿಂತೆಯಿಲ್ಲವೆ? ರಾಯಚೂರಿಗೆ ಕೃಷ್ಣೆಯಿಂದಲೂ, ತುಂಗಭದ್ರೆಯ ಕಾಲುವೆ ತುಂಬಿಸುವ ರಾಂಪುರದ ಜಲಾಶಯದಿಂದಲೂ ನೀರು ಬರುತ್ತದೆ. ಹೀಗಿದ್ದೂ ೨೦೨೨ರ ಮೇ ತಿಂಗಳ ಕೊನೆಯಲ್ಲಿ ನಗರದ ಹಲವು ಬಡಾವಣೆಗಳ ಜನ ನಳದ ನೀರು ಕುಡಿದು ವಾಂತಿಭೇದಿಯಿಂದ ಆಸ್ಪತ್ರೆ ಸೇರಿದರು. ಕೆಲವರು ಪ್ರಾಣವನ್ನೇ ಕಳೆದುಕೊಂಡರು. ನದಿಯ ನೀರನ್ನು ಸೋಸುವುದರಲ್ಲಿ, ಕ್ಲೋರೀನು ಬೆರೆಸುವುದರಲ್ಲಿ ತುಸು ಅಲಕ್ಷ್ಯವಾದರೂ ಸಾವಿರಾರು ಮನೆಗಳಿಗೆ ಒಂದೇ ದಿನ ರೋಗ ಹರಿದುಹೋಗುತ್ತದೆಂಬುದನ್ನು ಇಂಥ ಘಟನೆಗಳು ನೆನಪಿಸುತ್ತವೆ.

ಶುದ್ಧವಾಗಿ ಹೊರಟ ನೀರೂ ದಾರಿಯಲ್ಲಿ ಕೆಡಬಹುದು. ನಳದಲ್ಲಿ ನೀರು ಒತ್ತಡದಿಂದ ಹರಿಯುತ್ತಿರುವಾಗ ಕೊಳವೆಯ ಸಣ್ಣ ತೂತಿನಿಂದ ನೀರು ಹೊರಕ್ಕೆ ಚಿಮ್ಮುತ್ತದೆಯೇ ಹೊರತು ಹೊರಗಿನದು ಒಳಕ್ಕೆ ಬಾರದು. ಸರಬರಾಜು ನಿಂತಾಗ ಒಳಗೆ ಒತ್ತಡವಿಲ್ಲ. ಕೊಳವೆ ಬರಿದಾಗುವಾಗ ಹೀರುಗೊಳವೆಯಂತೆ ಹೊರಗಿನ ಕೊಳೆಯನ್ನು ಎಳೆದುಕೊಳ್ಳುತ್ತದೆ. ನಾಲ್ಕು ದಿನಕ್ಕೊಮ್ಮೆ ನೀರು ಬಿಡುವ ಕಡೆ, ಗಟಾರದೊಳಗೇ ಹಾದುಹೋಗುವ ನಳದಲ್ಲಿ ನಡೆಯುವುದು ಇದೇ. ಆದುದರಿಂದ ಹೊಸ ಬಡಾವಣೆಯಲ್ಲಿ ನಳ ಇದೆಯೆ ಎಂದು ಕೇಳಿ ಸುಮ್ಮನಾಗಬಾರದು. ನಳ ಎಲ್ಲಿ ಹಾದುಬಂದಿದೆ, ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಬಂದಾಗ ಮೊದಲ ಕೊಡದ ನೀರು ಹೇಗಿರುತ್ತದೆ ಎಂದು ಅಲ್ಲಿಯ ಗೃಹಿಣಿಯರನ್ನು ವಿಚಾರಿಸಬೇಕು.

ಗಾಳಿಯ ದಿಕ್ಕು

ನೀರಿನಷ್ಟಲ್ಲದಿದ್ದರೂ ಗಾಳಿಯನ್ನೂ ಒಂದಿಷ್ಟು ಗಮನಿಸಬೇಕು. ಕೃಷ್ಣೆಯ ದಡದ ಶಕ್ತಿನಗರದಲ್ಲಿ ೧೯೮೫ರಿಂದ ಕಲ್ಲಿದ್ದಲು ಉರಿಸಿ ವಿದ್ಯುತ್ತನ್ನು ಉತ್ಪಾದಿಸಲಾಗುತ್ತಿದೆ. ಯರಮರಸಿನಲ್ಲಿ ಇನ್ನೊಂದು ಸ್ಥಾವರ ಬಂದಿದೆ. ನಾಡಿಗೆ ಬೆಳಕು ಕೊಡುವ ಕಲ್ಲಿದ್ದಲು ನೆರೆಯವರಿಗೆ ಬೂದಿಯನ್ನೂ ಕೊಡುತ್ತದೆ. ಮುಂಗಾರಿನಲ್ಲಿ ಗಾಳಿ ಪಶ್ಚಿಮ ನೈಋತ್ಯದಿಂದಲೂ, ಚಳಿಗಾಲದಲ್ಲಿ ಪೂರ್ವ ಈಶಾನ್ಯದಿಂದಲೂ ಬೀಸುವುದರಿಂದ ಯಾವ ದಿಕ್ಕೂ ವರ್ಷವಿಡೀ ಪಾರಾಗದು, ದೂರವೇ ರಕ್ಷೆ. ಗಿಡದ ಎಲೆಯ ಮೇಲೆ ಬೆರಳೊರಸಿ ನೋಡಿ. ಕೆಮ್ಮಣ್ಣು ಅಂಟಿದರೆ ಅದು ರಸ್ತೆಯ ಧೂಳು. ನುಣುಪಾದ ಬೂದುಬಣ್ಣದ ಪುಡಿಯಾದರೆ ಅದರ ಮೂಲವನ್ನು ವಿಚಾರಿಸಬೇಕು.

ನೋಡುವ ಕ್ರಮ

ಹೇಳಿದ್ದನ್ನು ಕೂಡಿಸಿ ನೋಡೋಣ. ನಿವೇಶನವನ್ನು ಕಡೆಯ ಪಕ್ಷ ಎರಡು ಸಲ ನೋಡಬೇಕು: ಒಮ್ಮೆ ಬೇಸಗೆಯಲ್ಲಿ ನೆಲದ ಬಿರುಕನ್ನು ಕಾಣಲು, ಒಮ್ಮೆ ದೊಡ್ಡ ಮಳೆಯ ಮರುದಿನ ನೀರಿನ ದಾರಿಯನ್ನು ಕಾಣಲು. ಸುತ್ತಲಿನ ಹಳೆಯ ಗೋಡೆಗಳಲ್ಲಿ ಸೊಂಟದ ಮಟ್ಟದ ಕೊಳೆಗೆರೆ, ಕಿಟಕಿಯ ಮೂಲೆಯ ಓರೆಬಿರುಕು, ಬುಡದ ಬಿಳಿಯ ಉಪ್ಪು ಇವೆಯೆ ಎಂದು ಪರೀಕ್ಷಿಸಬೇಕು. ಗ್ರಾಮನಕ್ಷೆಯನ್ನೂ ಪಹಣಿಯನ್ನೂ ತರಿಸಿ ಓದಬೇಕು. ಬಾವಿಯ ನೀರನ್ನು ಪರೀಕ್ಷೆಗೆ ಕೊಡಬೇಕು. ನಿವೇಶನದಿಂದ ಹತ್ತಿರದ ಆಸ್ಪತ್ರೆಗೆ ಮಳೆಗಾಲದಲ್ಲಿಯೂ ಮುಳುಗದ ದಾರಿಯುಂಟೆ ಎಂದು ನಡೆದು ನೋಡಬೇಕು. ಇದಕ್ಕೆಲ್ಲ ಹಿಡಿಯುವುದು ನಾಲ್ಕಾರು ದಿನ, ಕೆಲವು ನೂರು ರೂಪಾಯಿ. ಇಪ್ಪತ್ತು ವರ್ಷ ಕಂತು ಕಟ್ಟಬೇಕಾದವನಿಗೆ ಇದು ಹೆಚ್ಚಿನದಲ್ಲ.

ಆರಿಸಿಕೊಳ್ಳಲಾರದವರು

ಇಷ್ಟನ್ನು ಬರೆದ ಮೇಲೂ ಒಂದು ಸಂಕೋಚ ನಮ್ಮನ್ನು ಕಾಡುತ್ತದೆ. ಜಾಗವನ್ನು ಹೀಗೆ ಅಳೆದು ತೂಗಿ ಆರಿಸುವ ಅವಕಾಶ ಇರುವುದು ಎಷ್ಟು ಜನಕ್ಕೆ? ಊರಿನ ತಗ್ಗು ಅಗ್ಗ. ಅಗ್ಗವಾದ್ದರಿಂದ ಬಡವರು ಅಲ್ಲಿ ನೆಲೆಸುತ್ತಾರೆ. ನದಿಯ ದಂಡೆಯ ರೈತ ಹೊಲವನ್ನು ಬಿಟ್ಟು ಎಲ್ಲಿಗೆ ಹೋಗಬೇಕು?

೨೦೦೯ರ ನೆರೆಯ ಮೇಲೆ ಸರ್ಕಾರವೂ ದಾನಿಗಳೂ ಕೂಡಿ 'ಆಸರೆ' ಎಂಬ ಯೋಜನೆಯಲ್ಲಿ ಅನೇಕ ಹಳ್ಳಿಗಳಿಗೆ ಎತ್ತರದ ಜಾಗದಲ್ಲಿ ಹೊಸ ಮನೆಗಳನ್ನು ಕಟ್ಟಿಸಿದರು. ನೆಲ ಎತ್ತರವಾಗಿತ್ತು, ಮನೆ ಗಟ್ಟಿಯಾಗಿತ್ತು. ಆದರೂ ಹಲವು ಕಡೆಗಳಲ್ಲಿ ಜನ ಹಳೆಯ ಊರಿಗೇ ಮರಳಿದರು. ಹೊಸ ಮನೆಗಳ ಸುತ್ತ ಜಾಲಿ ಬೆಳೆಯಿತು. ಅದು ಮೂಢತನವೆಂದು ನಗುವುದು ಸುಲಭ. ಹೊಸ ಊರಿನಿಂದ ಹೊಲ ದೂರ, ದನ ಕಟ್ಟಲು ಹಕ್ಕೆಯಿಲ್ಲ, ಕುಡಿಯುವ ನೀರಿಲ್ಲ ಎಂದಾಗ, ಎಂದೋ ಬರುವ ನೆರೆಗಿಂತ ನಾಳೆ ಬೆಳಗಿನ ಗಂಜಿಯೇ ದೊಡ್ಡ ಪ್ರಶ್ನೆಯಾಗುತ್ತದೆ. ಮುಳುಗದ ಜಾಗವೆಲ್ಲ ಬದುಕುವ ಜಾಗವಾಗುವುದಿಲ್ಲ. ಕ್ಷೇಮವಾದ ನೆಲೆಯೆಂದರೆ ನೆರೆಯಿಂದ ದೂರವಿರುವುದಷ್ಟೇ ಅಲ್ಲ. ದುಡಿಮೆಗೆ ಹತ್ತಿರವಿರುವುದೂ ಹೌದು.

ಆದುದರಿಂದ ಹಳ್ಳವನ್ನು ಹಳ್ಳವಾಗಿಯೇ ಬಿಡುವುದು, ಕೆರೆಯ ಅಂಗಳದಲ್ಲಿ ನಿವೇಶನ ಹಾಕಗೊಡದಿರುವುದು, ನಳವನ್ನು ಗಟಾರದಿಂದ ಬೇರ್ಪಡಿಸುವುದು ಒಬ್ಬೊಬ್ಬರ ಜಾಣತನದಿಂದ ಆಗತಕ್ಕ ಕೆಲಸಗಳಲ್ಲ. ಊರೆಲ್ಲ ಕೂಡಿ, ತನ್ನ ಆಡಳಿತದಿಂದ ಕೇಳಿ ಮಾಡಿಸಿಕೊಳ್ಳಬೇಕಾದ ಕೆಲಸಗಳು. ನಾವು ತಪ್ಪಿಸಿಕೊಂಡ ತಗ್ಗಿನಲ್ಲಿ ಇನ್ನೊಬ್ಬರು ಮನೆ ಕಟ್ಟಿದರೆ ಅಪಾಯ ಕೈ ಬದಲಾಯಿತೇ ವಿನಾ ಹೋಗಲಿಲ್ಲ. ಮುಂದಿನ ಸಲ ನಿವೇಶನ ನೋಡಲು ಹೋಗುವ ಓದುಗರು ಆ ಹೊಲದ ಅಜ್ಜನನ್ನು ಮಾತನಾಡಿಸಲಿ. ಅವರು ತೋರಿಸಿದ ಮಟ್ಟವನ್ನು ಗೋಡೆಯ ಮೇಲೆ ಒಂದು ಗೆರೆಯೆಳೆದು ಗುರುತಿಸಲಿ. ತಾವು ಆ ನಿವೇಶನವನ್ನು ಕೊಳ್ಳದಿದ್ದರೂ, ಮುಂದೆ ಬರುವವರಿಗೆ ಆ ಗೆರೆ ಉಪಯೋಗಕ್ಕೆ ಬರುತ್ತದೆ.